ಕತ್ತರಿ ಬೀಳುವುದು ಕಣ್ಣೀರಿನ ಮೇಲೆ

ಚಿತ್ರದುರ್ಗ ಸೀಮೆಯಲ್ಲಿ ವಿಷ್ಣುವರ್ಧನ್ ಮಾತು ತೆಗೆದರೆ ಅದು ಮೊದಲು 1972ರ ‘ನಾಗರಹಾವು’ ಚಿತ್ರಕ್ಕೆ, ಕೋಟೆಯ ಕಲ್ಲುಬಂಡೆಗಳಿಗೆ ಹೋಗುವುದು ಸಹಜ. ಆದರೆ ಅಭಿಮಾನಿಗಳು ದನಿ ತಗ್ಗಿಸಿ ಮಾತಾಡುವ ಚಿತ್ರ ಇನ್ನೊಂದಿದೆ, 1990ರ ‘ಮುತ್ತಿನ ಹಾರ’. ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ಈ ಚಿತ್ರದಲ್ಲಿ ವಿಷ್ಣುವರ್ಧನ್ ಕೊಡಗಿನ ಸೈನಿಕ, ಸುಹಾಸಿನಿ ಯುದ್ಧಭೂಮಿಯ ನರ್ಸ್. ಗುಂಡಿನ ಸದ್ದು, ಹಿಮದ ಗಡಿ, ಶೌರ್ಯ ಎಲ್ಲವೂ ಅದರಲ್ಲಿವೆ. ಆದರೂ ನೋಡಿದವರಿಗೆ ನೆನಪಿನಲ್ಲಿ ಉಳಿಯುವುದು ಯುದ್ಧ ಒಂದು ಸಂಸಾರದಿಂದ ಏನೇನು ಕಿತ್ತುಕೊಂಡಿತು ಎಂಬುದು. ಆ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂತು. ಯುದ್ಧದ ದುಃಖವನ್ನು ಹೀಗೆ ಬಿಚ್ಚಿಟ್ಟ ಚಿತ್ರವನ್ನು ಸರ್ಕಾರವೇ ಕರೆದು ಗೌರವಿಸಿದ್ದು ಸಣ್ಣ ಸಂಗತಿಯಲ್ಲ. ಜಗತ್ತಿನ ಹಲವು ದೊಡ್ಡ ಯುದ್ಧಚಿತ್ರಗಳಿಗೆ ಇಂಥ ಭಾಗ್ಯ ಸಿಗಲಿಲ್ಲ. ಅವುಗಳನ್ನು ಹೊರದೇಶಗಳಲ್ಲಿ ನಿಷೇಧಿಸಿದರು, ಕತ್ತರಿಸಿದರು, ತೆರೆಗೇ ಬಾರದಂತೆ ನೋಡಿಕೊಂಡರು. ಆ ಕತ್ತರಿ ಬಿದ್ದ ಜಾಗಗಳನ್ನು ಗಮನಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಸರ್ಕಾರಗಳು ಹೆದರಿದ್ದು ತೆರೆಯ ಮೇಲಿನ ರಕ್ತಕ್ಕಲ್ಲ, ತಮ್ಮ ಸೈನಿಕನ ಅಳುವಿಗೆ, ಅವನ ಅನುಮಾನಕ್ಕೆ.

ಇದಕ್ಕೆ ಅತ್ಯಂತ ಗಟ್ಟಿ ಸಾಕ್ಷಿ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’. ಮೊದಲ ಮಹಾಯುದ್ಧದಲ್ಲಿ ಸ್ವತಃ ಸೈನಿಕನಾಗಿದ್ದ ಜರ್ಮನ್ ಲೇಖಕ ಎರಿಕ್ ಮಾರಿಯಾ ರಿಮಾರ್ಕ್‌ನ ಕಾದಂಬರಿಯನ್ನು ಅಮೆರಿಕದ ಯೂನಿವರ್ಸಲ್ ಸಂಸ್ಥೆ 1930ರಲ್ಲಿ ಚಿತ್ರವಾಗಿಸಿತು. ನಿರ್ದೇಶಕ ಲೂಯಿಸ್ ಮೈಲ್‌ಸ್ಟೋನ್. ಮೇಷ್ಟರ ದೇಶಭಕ್ತಿಯ ಭಾಷಣ ಕೇಳಿ ಹುರುಪಿನಿಂದ ಸೈನ್ಯ ಸೇರುವ ಶಾಲಾ ಹುಡುಗರು ಒಬ್ಬೊಬ್ಬರಾಗಿ ಸಾಯುವ ಕಥೆ ಅದು. ಅದರ ಒಂದು ದೃಶ್ಯವನ್ನು ನೋಡಿ. ಫಿರಂಗಿ ಗುಂಡು ಬಿದ್ದು ಆಗಿರುವ ಹೊಂಡದಲ್ಲಿ ಅಡಗಿರುವ ಜರ್ಮನ್ ಹುಡುಗ ಪೌಲ್, ಮೇಲಿಂದ ಜಿಗಿದ ಫ್ರೆಂಚ್ ಸೈನಿಕನನ್ನು ಭಯದಲ್ಲೇ ಇರಿದುಬಿಡುತ್ತಾನೆ. ಅವನು ತಕ್ಷಣ ಸಾಯುವುದಿಲ್ಲ. ರಾತ್ರಿಯೆಲ್ಲ ಇಬ್ಬರೂ ಅದೇ ಹೊಂಡದಲ್ಲಿ. ಪೌಲ್ ಅವನ ಬಾಯಿಗೆ ನೀರು ಹನಿಸುತ್ತಾನೆ, ಬದುಕು ಎಂದು ಅಂಗಲಾಚುತ್ತಾನೆ. ಸತ್ತ ಮೇಲೆ ಅವನ ಜೇಬಿನಲ್ಲಿ ಹೆಂಡತಿ ಮಗಳ ಫೋಟೋ ಸಿಗುತ್ತದೆ. ಹೆಣದ ಮುಂದೆ ಕೂತು ಕ್ಷಮೆ ಕೇಳುತ್ತಾನೆ. ಯುದ್ಧದ ಬಗ್ಗೆ ಸಿನಿಮಾ ಹೇಳಿದ ಮಾತುಗಳಲ್ಲಿ ಇದಕ್ಕಿಂತ ಗಾಢವಾದುದು ವಿರಳ ಎಂದೇ ನನ್ನ ನಂಬಿಕೆ.

ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನ ಎರಡಕ್ಕೂ ಆಸ್ಕರ್ ಪಡೆದ ಈ ಚಿತ್ರ 1930ರ ಡಿಸೆಂಬರ್ 4ರಂದು ಬರ್ಲಿನ್‌ನಲ್ಲಿ ತೆರೆಕಂಡಿತು. ಆಗಷ್ಟೇ ನಡೆದಿದ್ದ ಚುನಾವಣೆಯಲ್ಲಿ ನಾಜಿ ಪಕ್ಷ 107 ಸ್ಥಾನ ಗೆದ್ದು ಬೀಗುತ್ತಿತ್ತು. ಮರುದಿನವೇ ಆ ಪಕ್ಷದ ನಾಯಕ ಗೊಬೆಲ್ಸ್ ತನ್ನ ಗುಂಪಿನೊಂದಿಗೆ ಚಿತ್ರಮಂದಿರಕ್ಕೆ ನುಗ್ಗಿಬಂದ. ಅವರು ದುರ್ವಾಸನೆಯ ಬಾಂಬು ಎಸೆದರು, ಸೀಟುಗಳ ಕೆಳಗೆ ಬಿಳಿ ಇಲಿಗಳನ್ನು ಬಿಟ್ಟರು, ಪ್ರದರ್ಶನ ನಿಲ್ಲಿಸಿದರು. ಗಲಾಟೆ ಬೀದಿಗೂ ಹಬ್ಬಿತು. ಡಿಸೆಂಬರ್ 11ರಂದು ಮೇಲ್ಮಟ್ಟದ ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ಕೊಟ್ಟ ಕಾರಣ, ಜರ್ಮನಿಯ ಮಾನಕ್ಕೆ ಕುಂದು. ಜರ್ಮನ್ ಸೈನಿಕರನ್ನು ಹೆದರಿ ಅಳುವವರಂತೆ, ಹಸಿದು ಬಾಯಿಬಿಡುವವರಂತೆ ತೋರಿಸಿದ್ದಾರೆ ಎಂಬುದು ಆಕ್ಷೇಪಣೆಯ ತಿರುಳು. ಸೈನಿಕರು ಕೊಲ್ಲುವ, ಸಾಯುವ ದೃಶ್ಯಗಳ ಭೀಕರತೆ ಯಾರಿಗೂ ದೊಡ್ಡ ತಕರಾರಾಗಿ ಕಾಣಲಿಲ್ಲ. ಗಮನಿಸಬೇಕಾದ್ದು, ಆಗ ಜರ್ಮನಿಯಲ್ಲಿ ಹಿಟ್ಲರನ ಸರ್ಕಾರ ಇರಲಿಲ್ಲ. ಚುನಾಯಿತ ಗಣರಾಜ್ಯವೇ ಗದ್ದಲ ಮಾಡಿದವರಿಗೆ ಮಣಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಅದು ಜರ್ಮನಿಯ ಮನೆಯ ವಿಷಯವಾಗಿ ಉಳಿಯುತ್ತಿತ್ತು. 1931ರಲ್ಲಿ ಚಿತ್ರಕ್ಕೆ ಮತ್ತೆ ಅನುಮತಿ ಕೊಡುವಾಗ ಒಂದು ಷರತ್ತು ಬಂತು. ಜರ್ಮನಿಗಾಗಿ ಕತ್ತರಿಸಿದ ಪ್ರತಿಯನ್ನೇ ಉಳಿದ ದೇಶಗಳಲ್ಲೂ ತೋರಿಸಬೇಕು. ದೊಡ್ಡ ಮಾರುಕಟ್ಟೆ ಕೈತಪ್ಪಬಾರದೆಂದು ಯೂನಿವರ್ಸಲ್ ಒಪ್ಪಿಕೊಂಡಿತು. ಹೊರದೇಶದ ಸೆನ್ಸಾರಿನಲ್ಲಿ ನನಗೆ ಅತ್ಯಂತ ಕಳವಳಕಾರಿಯಾಗಿ ಕಾಣುವುದು ಇದೇ. ಒಂದು ರಾಜಧಾನಿಯ ಕಚೇರಿಯಲ್ಲಿ ಹಾಕಿದ ಕತ್ತರಿ, ಆ ದೇಶದ ಕಾನೂನು ನಡೆಯದ ಊರಿನ ಪ್ರೇಕ್ಷಕನ ಕಣ್ಣಿನಿಂದಲೂ ದೃಶ್ಯವನ್ನು ತೆಗೆದುಹಾಕುತ್ತದೆ. ಏನೋ ಹೋಗಿದೆ ಎಂಬುದೂ ಆ ಪ್ರೇಕ್ಷಕನಿಗೆ ಗೊತ್ತಾಗುವುದಿಲ್ಲ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಚಿತ್ರ ಪೂರ್ತಿ ನಿಷೇಧವಾಯಿತು, ರಿಮಾರ್ಕ್‌ನ ಪುಸ್ತಕ ಬೆಂಕಿಗೆ ಬಿತ್ತು. ಇಟಲಿ, ಆಸ್ಟ್ರಿಯಾಗಳೂ ಚಿತ್ರವನ್ನು ತಡೆದವು.

ಸರ್ವಾಧಿಕಾರಿಗಳ ಉದಾಹರಣೆ ಕೊಟ್ಟು ಎಲ್ಲರನ್ನೂ ದೂರುವುದು ಸುಲಭ ಎನ್ನಬಹುದು. ಹಾಗಾದರೆ ಸ್ವಾತಂತ್ರ್ಯ, ಸಮಾನತೆ ಎಂದು ಜಗತ್ತಿಗೆ ಸಾರಿದ ಫ್ರಾನ್ಸನ್ನೇ ನೋಡೋಣ. ಸ್ಟ್ಯಾನ್ಲಿ ಕುಬ್ರಿಕ್‌ನ ‘ಪಾಥ್ಸ್ ಆಫ್ ಗ್ಲೋರಿ’ 1957ರಲ್ಲಿ ಬಂತು. ಗೆಲ್ಲಲಾಗದ ಗುಡ್ಡವನ್ನು ಗೆಲ್ಲಲಿಲ್ಲವೆಂದು ಫ್ರೆಂಚ್ ಸೇನಾಪತಿಗಳು ತಮ್ಮದೇ ಮೂವರು ಸೈನಿಕರನ್ನು ಗುಂಡಿಕ್ಕಿ ಕೊಲ್ಲಿಸುವ ಕಥೆ. ಫ್ರಾನ್ಸಿನ ಚಿತ್ರಮಂದಿರಕ್ಕೆ ಅದು ಬಂದದ್ದು 1975ರಲ್ಲಿ. ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟ ಕುರಿತ ‘ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್’ 1966ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದರೂ ಫ್ರಾನ್ಸಿನ ಜನಕ್ಕೆ ವರ್ಷಗಟ್ಟಲೆ ಸಿಗಲಿಲ್ಲ. ಬ್ರಿಟನ್ನಿನದು ಬೇರೆ ಬಗೆ. ಎರಾಲ್ ಫ್ಲಿನ್ ನಾಯಕನಾದ ಅಮೆರಿಕದ ‘ಅಬ್ಜೆಕ್ಟಿವ್, ಬರ್ಮಾ!’ 1945ರಲ್ಲಿ ಲಂಡನ್ನಿನಲ್ಲಿ ಒಂದು ವಾರ ಓಡಿ ಪ್ರತಿಭಟನೆಯಿಂದ ಹಿಂದೆ ಸರಿಯಿತು, ಮತ್ತೆ ಬಂದದ್ದು 1952ರಲ್ಲಿ. ಬರ್ಮಾವನ್ನು ಅಮೆರಿಕನ್ನರೇ ಗೆದ್ದಂತೆ ತೋರಿಸಿದ್ದು ಬ್ರಿಟಿಷರ ಸಿಟ್ಟಿಗೆ ಕಾರಣ. ಈ ಸಿಟ್ಟಿನಲ್ಲಿ ನ್ಯಾಯವಿತ್ತು. ಬರ್ಮಾದಲ್ಲಿ ಹೋರಾಡಿದ ಸೈನ್ಯದ ಬಹುಪಾಲು ಭಾರತೀಯರದು, ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಅಲ್ಲಿ ಬ್ರಿಗೇಡೊಂದರ ನಾಯಕತ್ವ ವಹಿಸಿದ್ದರು. ಅವರನ್ನೆಲ್ಲ ಅಳಿಸಿಹಾಕಿದ ಚಿತ್ರದ ಮೇಲೆ ಕೋಪ ಬರಬೇಕಾದ್ದೇ. ಆದರೆ ಅದಕ್ಕೆ ಉತ್ತರ ಚಿತ್ರವನ್ನು ಮುಚ್ಚಿಡುವುದಲ್ಲ, ಅಳಿಸಿದವರ ಕಥೆಯನ್ನು ತೆರೆಗೆ ತರುವುದು. ರಾಜೇಂದ್ರಸಿಂಗ್ ಬಾಬು ಮಾಡಿದ ಕೆಲಸದ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಯುದ್ಧದ ದುಃಖವನ್ನು ಯಾರಿಗೆ ಹೇಳಬೇಕು, ಯಾರಿಂದ ಮುಚ್ಚಿಡಬೇಕು ಎಂಬ ಲೆಕ್ಕಾಚಾರ ಸಿನಿಮಾಕ್ಕಿಂತ ಬಹಳ ಹಳೆಯದು. ಅದರ ಸುಳಿವು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ನೆರೆಯಲ್ಲೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ತಂದೆತಾಯಿಯರ ಮಾತು ಕೇಳಿ, ಗುರುಗಳನ್ನು ಗೌರವಿಸಿ, ಸತ್ಯ ನುಡಿಯಿರಿ ಎಂಬ ಬೋಧೆ ಇವುಗಳಲ್ಲಿದೆ. ಕಳಿಂಗ ಯುದ್ಧದ ಪ್ರಸ್ತಾಪ ಇವುಗಳಲ್ಲಿಲ್ಲ. ಅದು ಇರುವುದು ಹದಿಮೂರನೇ ಬಂಡೆಶಾಸನದಲ್ಲಿ. ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು, ಇದಕ್ಕಾಗಿ ಪಶ್ಚಾತ್ತಾಪಪಡುತ್ತೇನೆ ಎಂದು ದೊರೆಯೇ ಅಲ್ಲಿ ಹೇಳಿಕೊಂಡಿದ್ದಾನೆ. ಆ ಶಾಸನ ನೆರೆಯ ಆಂಧ್ರದ ಕರ್ನೂಲು ಜಿಲ್ಲೆಯ ಎರ‍್ರಗುಡಿಯಲ್ಲಿದೆ, ಈಗ ಪಾಕಿಸ್ತಾನಕ್ಕೆ ಸೇರಿರುವ ಶಹಬಾಜ್‌ಗಢಿಯಲ್ಲಿದೆ. ಆದರೆ ಯುದ್ಧ ನಡೆದ ಕಳಿಂಗದಲ್ಲೇ, ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ, ಅದನ್ನು ಕೆತ್ತಿಸಿಲ್ಲ. ಅದರ ಜಾಗದಲ್ಲಿ ಪ್ರಜೆಗಳೆಲ್ಲ ನನ್ನ ಮಕ್ಕಳು ಎಂಬ ಅರ್ಥದ ಬೇರೆ ಎರಡು ಶಾಸನಗಳಿವೆ. ಸೋತ ಜನರ ಗಾಯ ಕೆದಕಬಾರದೆಂದು ಬಿಟ್ಟಿರಬಹುದು ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ವಿವರಣೆ. ಅದು ಕರುಣೆಯೂ ಇರಬಹುದು, ರಾಜನೀತಿಯೂ ಇರಬಹುದು. ಅಶೋಕನನ್ನು ಗೊಬೆಲ್ಸ್ ಪಕ್ಕ ನಿಲ್ಲಿಸುವುದು ಅನ್ಯಾಯ, ಅವನು ತನ್ನ ತಪ್ಪನ್ನು ಕಲ್ಲಿನಲ್ಲಿ ಬರೆಸಿದವನು. ಆದರೂ ಯಾರ ಮನೆಯಲ್ಲಿ ಸಾವಾಯಿತೋ ಅವರಿಗೇ ಆ ಮಾತು ಕಾಣದಂತಾದದ್ದು ನಿಜ.

ಈಗ ಎದುರು ವಾದಗಳಿಗೆ ಬರೋಣ. ಮೊದಲನೆಯದು ಗಂಭೀರವಾದುದೇ. ಗಡಿಯಲ್ಲಿ ಮಗನಿರುವ ತಾಯಿಗೆ, ಕಾದಾಟಕ್ಕೆ ಹೊರಟ ಸೈನಿಕನಿಗೆ ಇಂಥ ಚಿತ್ರ ಧೈರ್ಯ ಕುಂದಿಸುವುದಿಲ್ಲವೇ? ಯುದ್ಧ ನಡೆಯುತ್ತಿರುವಾಗ ಸೇನೆಯ ನೆಲೆ, ಚಲನವಲನಗಳ ಗುಟ್ಟು ಕಾಯುವುದನ್ನು ಯಾರೂ ಬೇಡವೆನ್ನಲಾರರು. ಚಳ್ಳಕೆರೆಯ ಜನಕ್ಕೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ. ಹಿಂದೆ ಮೈಸೂರಿನ ಫಿರಂಗಿ ಎಳೆದ ಅಮೃತಮಹಲ್ ದನಗಳ ಕಾವಲಿನಲ್ಲಿ ಈಗ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯವಿದೆ. 2017ರಲ್ಲಿ ಉದ್ಘಾಟನೆಯಾದ ಆ ವಲಯದಲ್ಲಿ ಚಾಲಕರಹಿತ ವಿಮಾನಗಳು ಹಾರುತ್ತವೆ, ಅದಕ್ಕೆ ಬೇಲಿ ಇದೆ, ಇರಬೇಕಾದ್ದೂ ಹೌದು. ಆದರೆ ಸಿನಿಮಾ ತೋರಿಸುವ ದುಃಖ ಅಂಥ ಗುಟ್ಟಲ್ಲ. ಬರ್ಲಿನ್‌ನಲ್ಲಿ ಚಿತ್ರ ನಿಷೇಧವಾದಾಗ ಯುದ್ಧ ಮುಗಿದು ಹನ್ನೆರಡು ವರ್ಷವಾಗಿತ್ತು. ‘ಪಾಥ್ಸ್ ಆಫ್ ಗ್ಲೋರಿ’ಯಿಂದ ಫ್ರಾನ್ಸಿಗೆ ನೋವಾದದ್ದು ನಲವತ್ತು ವರ್ಷ ಹಿಂದಿನ ಕಥೆಗೆ. ಕಾಯ್ದದ್ದು ಸೈನಿಕನನ್ನಲ್ಲ, ಸೇನಾಪತಿಯ ಮುಖವನ್ನು. ಇನ್ನು ಧೈರ್ಯದ ಮಾತಿಗೆ ‘ಮುತ್ತಿನ ಹಾರ’ವೇ ಉತ್ತರ. ಅದನ್ನು ನೋಡಿ ಕನ್ನಡಿಗರ ಮನಸ್ಸಿನಲ್ಲಿ ಸೈನ್ಯದ ಮೇಲಿನ ಗೌರವ ಕಡಿಮೆಯಾಗಲಿಲ್ಲ. ಒಬ್ಬ ಸೈನಿಕನ ಹಿಂದೆ ಎಷ್ಟು ಜನ ಬೆಲೆ ತೆರುತ್ತಾರೆಂದು ತಿಳಿದ ಮೇಲೆ ಗೌರವ ಹೆಚ್ಚೇ ಆಯಿತು.

ಎರಡನೆಯದು ನೆರೆದೇಶಗಳ ಜೊತೆಗಿನ ಸಂಬಂಧ. ನಮ್ಮ ಸಂವಿಧಾನದ 19(2)ನೇ ವಿಧಿಗೆ 1951ರ ಮೊದಲ ತಿದ್ದುಪಡಿಯಲ್ಲೇ ಹೊರದೇಶಗಳೊಂದಿಗಿನ ಸ್ನೇಹ ಸಂಬಂಧ ಎಂಬ ಕಾರಣ ಸೇರಿತು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲೂ ಚಿತ್ರಕ್ಕೆ ಪ್ರಮಾಣಪತ್ರ ನಿರಾಕರಿಸಲು ಅದೊಂದು ಆಧಾರ. ಇಡೀ ಜನಾಂಗವನ್ನು ಹೀಗಳೆಯುವ ಚಿತ್ರವಾದರೆ ಈ ಕಾರಣಕ್ಕೆ ಅರ್ಥವಿದೆ. ಆದರೆ ಹೆಚ್ಚಿನ ಸಲ ಈ ಕಾರಣದ ಪೆಟ್ಟು ಬೀಳುವುದು ಶತ್ರುವನ್ನು ಮನುಷ್ಯನಂತೆ ತೋರಿಸಿದ ಚಿತ್ರದ ಮೇಲೆ. 1937ರ ಫ್ರೆಂಚ್ ಚಿತ್ರ ‘ಲಾ ಗ್ರಾಂದ್ ಇಲ್ಯೂಷನ್’ನಲ್ಲಿ ಜರ್ಮನ್ ಅಧಿಕಾರಿಯೊಬ್ಬ ಸಭ್ಯ, ಫ್ರೆಂಚ್ ಕೈದಿಯ ಸಾವಿಗೆ ಮರುಗುವವನು. ಜರ್ಮನ್ನನನ್ನು ಒಳ್ಳೆಯವನಾಗಿ ತೋರಿಸಿದರೂ ಗೊಬೆಲ್ಸ್ ಅದನ್ನು ಸಹಿಸಲಿಲ್ಲ. ದ್ವೇಷದ ಚಿತ್ರಗಳಿಗೆ ಗಡಿಯಲ್ಲಿ ಇಷ್ಟು ತೊಂದರೆ ಆಗದಿರುವುದು ಯೋಚಿಸಬೇಕಾದ ವಿಷಯ.

ಮೂರನೆಯ ವಾದ ಎಲ್ಲ ಕಡೆ ಕೇಳಿಬರುವಂಥದು. ಚಿತ್ರ ಬಂದರೆ ಗಲಾಟೆಯಾಗುತ್ತದೆ, ಅದಕ್ಕೇ ತಡೆಯುತ್ತೇವೆ. ಬರ್ಲಿನ್ ಬಲಿಬಿದ್ದದ್ದು ಇದಕ್ಕೇ. ಇದಕ್ಕೆ ಕಾನೂನಿನ ದಿಟ್ಟ ಉತ್ತರ ಬಂದದ್ದು ಕರ್ನಾಟಕದಿಂದ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ, ಆದರೆ ಹೆಚ್ಚು ಜನಕ್ಕೆ ತಿಳಿದಿಲ್ಲ. ‘ಮಾಡಿ ಮಡಿದವರು’ ಚಿತ್ರದ ನಿರ್ದೇಶಕ ಕೆ.ಎಂ. ಶಂಕರಪ್ಪನವರು, ಚಲನಚಿತ್ರ ಮೇಲ್ಮನವಿ ನ್ಯಾಯಮಂಡಳಿ ತೀರ್ಮಾನಿಸಿದ ಮೇಲೂ ಕೇಂದ್ರ ಸರ್ಕಾರ ಅದನ್ನು ಬದಲಿಸಬಹುದೆನ್ನುವ ಸಿನಿಮಾಟೋಗ್ರಾಫ್ ಕಾಯ್ದೆಯ ಆರನೇ ಸೆಕ್ಷನ್ನನ್ನು ಪ್ರಶ್ನಿಸಿದರು. 1990ರಲ್ಲಿ, ‘ಮುತ್ತಿನ ಹಾರ’ ಬಂದ ವರ್ಷವೇ, ಕರ್ನಾಟಕ ಹೈಕೋರ್ಟ್ ಆ ಅಧಿಕಾರ ಅಸಿಂಧು ಎಂದಿತು. 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಪರಿಣತರ ಮಂಡಳಿ ಒಪ್ಪಿದ ಮೇಲೆ ಗಲಾಟೆಯ ನೆಪ ಹೇಳಿ ಸರ್ಕಾರ ಹಿಂದೆ ಸರಿಯುವಂತಿಲ್ಲ, ಶಾಂತಿ ಕಾಪಾಡುವುದೇ ಅದರ ಕರ್ತವ್ಯ ಎಂಬುದು ತೀರ್ಪಿನ ಸಾರ. ಬರ್ಲಿನ್‌ನಲ್ಲಿ 1930ರಲ್ಲಿ ಇಂಥದೊಂದು ತೀರ್ಪು ಇದ್ದಿದ್ದರೆ ಬಿಳಿ ಇಲಿ ಬಿಟ್ಟವರನ್ನು ಪೊಲೀಸರು ಹೊರಗೆ ಹಾಕಬೇಕಾಗುತ್ತಿತ್ತು, ಚಿತ್ರವನ್ನಲ್ಲ.

ಈಗ ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಇದೆಲ್ಲ ಯಾಕೆ ಎಂಬ ಮಾತೂ ಇದೆ. ನಿಜವಾಗಿ ಈಗಲೇ ಇದು ಹೆಚ್ಚು ಬೇಕು. ರೀಲಿನ ಕಾಲದಲ್ಲಿ ಕತ್ತರಿಸಿದ ಜಾಗದಲ್ಲಿ ಚಿತ್ರ ಒಮ್ಮೆ ಕುಪ್ಪಳಿಸುತ್ತಿತ್ತು, ಟಾಕೀಸಿನಲ್ಲಿ ಕೂತವರು ಕೂಗು ಹಾಕುತ್ತಿದ್ದರು. ಈಗ ದೇಶಕ್ಕೊಂದು ಪ್ರತಿ ಸದ್ದಿಲ್ಲದೆ ಬದಲಾಗುತ್ತದೆ. ರಾಯದುರ್ಗದ ಗಡಿಗೆ ಅಂಟಿಕೊಂಡು ಕನ್ನಡ, ತೆಲುಗು ಎರಡರಲ್ಲೂ ಚಿತ್ರ ನೋಡುವ ಮೊಳಕಾಲ್ಮೂರಿನ ಪ್ರೇಕ್ಷಕನಿಗೆ ತಾನು ನೋಡಿದ್ದು ಯಾವ ದೇಶಕ್ಕಾಗಿ ಕತ್ತರಿಸಿದ ಪ್ರತಿ ಎಂದು ತಿಳಿಯುವ ದಾರಿಯಿಲ್ಲ. ನಮ್ಮ ಸೆನ್ಸಾರ್ ಮಂಡಳಿ ಚಿತ್ರಕ್ಕೆ ಕೊಡುವ ಪ್ರಮಾಣಪತ್ರದ ಎರಡನೇ ಭಾಗದಲ್ಲಿ ತೆಗೆಸಿದ ದೃಶ್ಯಗಳ ವಿವರ ಇರುತ್ತದೆ. ಆ ವಿವರ ಟಿಕೆಟ್ ಕೊಂಡವನಿಗೂ, ಮನೆಯಲ್ಲಿ ಚಂದಾ ಕಟ್ಟಿ ನೋಡುವವನಿಗೂ ಕನ್ನಡದಲ್ಲಿ ಸಿಗಬೇಕು. ಹೊರದೇಶಕ್ಕಾಗಿ ಕತ್ತರಿಸಿದ ಪ್ರತಿಯಾದರೆ ಅದನ್ನೂ ತೆರೆಯ ಮೇಲೆ ನಮೂದಿಸಬೇಕು. 2021ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯನ್ನೇ ರದ್ದು ಮಾಡಿದ್ದರಿಂದ ನಿರ್ಮಾಪಕ ಈಗ ನೇರ ಹೈಕೋರ್ಟಿಗೆ ಹೋಗಬೇಕು. ಸಣ್ಣ ಬಂಡವಾಳದ ಕನ್ನಡ ನಿರ್ಮಾಪಕ ಆ ಖರ್ಚಿಗೆ ಹೆದರಿ ಹೇಳಿದ್ದನ್ನೆಲ್ಲ ಕತ್ತರಿಸಿಕೊಡುತ್ತಾನೆ. ಕಡಿಮೆ ಖರ್ಚಿನಲ್ಲಿ, ಬೇಗ ತೀರ್ಮಾನ ಕೊಡುವ ಮೇಲ್ಮನವಿಯ ವ್ಯವಸ್ಥೆ ಮತ್ತೆ ಬರಬೇಕು, ಅದರ ಒಂದು ಪೀಠ ಬೆಂಗಳೂರಿನಲ್ಲೂ ಕೂರಬೇಕು.