ಉಳಿಸುವವರ ಜತೆ ನಾವೂ ಒಂದು ಪಾಲು ಹಾಕೋಣ

ಕಾಫಿ ಹಣ್ಣು ಬಿಡಿಸುವವರು, ಅಡಿಕೆ ಸುಲಿಯುವವರು, ಮರ ಹತ್ತಿ ಗೊನೆ ಇಳಿಸುವವರು ಇಲ್ಲದೆ ನಮ್ಮ ಬೆಳೆ ಕಣಕ್ಕೆ ಬರುವುದಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಈ ಮನೆಗಳಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಮಳೆ ಹಿಡಿದು ಕೆಲಸ ಇಳಿಮುಖವಾಗುವ ಹೊತ್ತಿಗೇ ಮಕ್ಕಳ ಶಾಲೆ ಆರಂಭವಾಗುತ್ತದೆ, ಜ್ವರ ಕೆಮ್ಮು ಕಾಲಿಡುತ್ತದೆ. ಆಗ ಕೈಸಾಲವೇ ಗತಿ. ಸಾಲ ಕೊಡುವವನು ಬಡ್ಡಿ ಮುರಿದುಕೊಂಡೇ ಹಣ ಎಣಿಸುತ್ತಾನೆ. ಅದು ತಪ್ಪಿದರೆ ತೋಟದ ಮಾಲೀಕರಿಂದ ಮುಂಗಡ. ಬರುವ ವರ್ಷದ ದುಡಿಮೆ ಈ ವರ್ಷವೇ ಅಡವು.

ನಮ್ಮ ಸಾಲಗಾಮೆ ಹೋಬಳಿಯಲ್ಲಿ ಮಾತ್ರವಲ್ಲ, ಚನ್ನರಾಯಪಟ್ಟಣದ ತೆಂಗಿನ ತೋಟವಿರಲಿ, ಅರಕಲಗೂಡಿನ ಹೊಗೆಸೊಪ್ಪಿನ ಹೊಲವಿರಲಿ, ಕೂಲಿಯ ಮನೆಯ ಲೆಕ್ಕ ಬಹುಮಟ್ಟಿಗೆ ಇದೇ. ಇದಕ್ಕೆ ಪರಿಹಾರವಾಗಿ ಬೆಳೆಗಾರ ಬಂಧುಗಳ ಮುಂದೆ ನಾವು ಇಡುವ ವಿಚಾರ ಸರಳವಾದುದು. ಬಡ ಕುಟುಂಬವೊಂದು ತಾನಾಗಿ ಉಳಿಸಿದ ಹಣಕ್ಕೆ ಊರಿನ ಸಂಸ್ಥೆಗಳು ಕೂಡಿ ಇನ್ನೊಂದು ಪಾಲು ಸೇರಿಸುವುದು. ಇದು ದಾನವಲ್ಲ. ಮೊದಲ ರೂಪಾಯಿ ಉಳಿಸುವವರದೇ ಆಗಿರಬೇಕು.

ನಮ್ಮ ರಾಜ್ಯದಲ್ಲೇ ನಡೆದ ಪ್ರಯೋಗ

ಇದು ಪರದೇಶದಿಂದ ಬಂದ ಹೊಸ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಗ್ರಾಮೀಣ ಬಡವರ ನಡುವೆ ಕೆಲಸಕ್ಕೆ ಇಳಿಯಿತು. ಅದು ಬೆಳೆಸಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಹಲವು 1984–85ರ ಸುಮಾರಿಗೆ ಕುಸಿದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. ಆದರೆ ಅವರು ಸುಮ್ಮನೆ ಚದುರಿ ಹೋಗಲಿಲ್ಲ. ಒಬ್ಬರನ್ನೊಬ್ಬರು ಬಲ್ಲವರು ಸಣ್ಣ ಸಣ್ಣ ಗುಂಪುಗಳಾಗಿ ಕುಳಿತು, ಕೈಲಾದಷ್ಟು ಉಳಿಸಿ, ತಮ್ಮೊಳಗೇ ಸಾಲ ಕೊಟ್ಟು ತೀರಿಸಲು ತೊಡಗಿದರು. 1986–87ರ ವೇಳೆಗೆ ಇಂಥ ಗುಂಪುಗಳ ಸಂಖ್ಯೆ ಸುಮಾರು 300 ಆಗಿತ್ತು.

1987ರಲ್ಲಿ ನಬಾರ್ಡ್ ಬ್ಯಾಂಕು ಮೈರಾಡಕ್ಕೆ 10 ಲಕ್ಷ ರೂಪಾಯಿ ನೀಡಿತು. ಗುಂಪುಗಳಿಗೆ ತರಬೇತಿ ಕೊಡುವುದು ಒಂದು ಉದ್ದೇಶ. ಗುಂಪಿನ ಉಳಿತಾಯಕ್ಕೆ ಸರಿಯಾಗಿ ಹಣ ಜೋಡಿಸುವುದು ಇನ್ನೊಂದು. ಇದರ ಅನುಭವದ ಮೇಲೆಯೇ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ದೇಶದಲ್ಲಿ ಆರಂಭವಾಯಿತು. ಉಳಿತಾಯದಷ್ಟೇ ಮೊತ್ತದಿಂದ ಹಿಡಿದು ಅದರ ನಾಲ್ಕು ಪಟ್ಟಿನವರೆಗೆ ಸಾಲ ಕೊಡಬಹುದೆಂಬುದು ಅಂದಿನ ಕ್ರಮ. ಕರ್ನಾಟಕದಲ್ಲಿ 2000ದಲ್ಲಿ ಬಂದ ಸ್ತ್ರೀಶಕ್ತಿ ಯೋಜನೆಯೂ ಇದೇ ಹಾದಿಯಲ್ಲಿ, ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಹಳ್ಳಿ ಹಳ್ಳಿಗೆ ಗುಂಪುಗಳನ್ನು ತಂದಿತು.

ಸಹಕಾರಿಗಳಾದ ನಾವು ಈ ಇತಿಹಾಸದಿಂದ ಒಂದು ಪಾಠ ಕಲಿಯಬೇಕು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಮೊದಲ ಸಂಘ ಕಟ್ಟಿದ ನಾಡು ನಮ್ಮದು. ಅದೇ ನಾಡಿನಲ್ಲಿ ಬಡವರು ದೊಡ್ಡ ಸಂಘವನ್ನು ಬಿಟ್ಟು ಸಣ್ಣ ಗುಂಪನ್ನು ನಂಬಿದರು. ತಾವೇ ಉಳಿಸಿದ ಹಣದ ಮೇಲೆ ತಮ್ಮದೇ ಮಾತು ನಡೆಯಬೇಕೆಂಬುದೇ ಅದಕ್ಕೆ ಕಾರಣ.

ಸರ್ಕಾರವೂ ಜೋಡಿಸುತ್ತದೆ

ಕೆಲಸಗಾರ ಹಾಕಿದಂತೆ ಮಾಲೀಕನೂ ಹಾಕಬೇಕೆಂಬ ತತ್ತ್ವವನ್ನು 1952ರ ಭವಿಷ್ಯ ನಿಧಿ ಕಾನೂನೇ ತಂದಿತು. ಆದರೆ 20ಕ್ಕಿಂತ ಕಡಿಮೆ ಜನ ದುಡಿಯುವ ಸಣ್ಣ ಹಿಡುವಳಿಗಳು ಸಾಮಾನ್ಯವಾಗಿ ಅದರ ಹೊರಗೇ ಉಳಿದವು. ನಮ್ಮಲ್ಲಿ ಬಹುಪಾಲು ತೋಟಗಳು ಅಂಥವೇ.

ಇಂಥ ಅಸಂಘಟಿತ ಕೆಲಸಗಾರರಿಗೆಂದು 2019ರಲ್ಲಿ ಕೇಂದ್ರ ಸರ್ಕಾರ ಶ್ರಮಯೋಗಿ ಮಾನ್‌ಧನ್ ಪಿಂಚಣಿ ಯೋಜನೆ ತಂದಿತು. ಸೇರುವವರ ವಯಸ್ಸು 18ರಿಂದ 40ರ ಒಳಗಿರಬೇಕು, ತಿಂಗಳ ಆದಾಯ 15,000 ರೂಪಾಯಿ ಮೀರಿರಬಾರದು. 18 ವರ್ಷದವರು ತಿಂಗಳಿಗೆ 55 ರೂಪಾಯಿ, 29ರವರು 100 ರೂಪಾಯಿ, 40ರವರು 200 ರೂಪಾಯಿ ಕಟ್ಟುವಂತೆ ಗೊತ್ತುಮಾಡಲಾಯಿತು. ಕಟ್ಟಿದಷ್ಟನ್ನೇ ಸರ್ಕಾರ ಸೇರಿಸುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಪಿಂಚಣಿಯ ಭರವಸೆ ಇದೆ. ಆದರೆ 10 ವರ್ಷದೊಳಗೆ ಬಿಟ್ಟು ಹೋದವರಿಗೆ ತಾವು ಕಟ್ಟಿದ್ದು ಉಳಿತಾಯ ಖಾತೆಯ ಬಡ್ಡಿಯೊಡನೆ ಬರುತ್ತದೆಯೇ ಹೊರತು ಸರ್ಕಾರದ ಪಾಲು ಸಿಗುವುದಿಲ್ಲ. ಮುಪ್ಪಿಗೆ ಇದು ಒಳ್ಳೆಯ ಆಸರೆ. ಆದರೆ ಜೂನ್ ತಿಂಗಳ ಪುಸ್ತಕಕ್ಕೆ, ಆಸ್ಪತ್ರೆಯ ಖರ್ಚಿಗೆ ಈ ಹಣ ಒದಗದು. ಅದಕ್ಕೆ ಊರಿನ ಗುಂಪೇ ಬೇಕು.

ಒಂದು ಗುಂಪಿನ ಲೆಕ್ಕ

ಹದಿನೈದು ಮಂದಿಯ ಒಂದು ಗುಂಪು ಎನ್ನೋಣ. ಬಟವಾಡೆಯ ದಿನ ತಲೆಗೆ 20 ರೂಪಾಯಿ ತೆಗೆದಿಟ್ಟರೆ 52 ವಾರಕ್ಕೆ 15,600 ರೂಪಾಯಿ. ಎರಡು ರೂಪಾಯಿಗೆ ಒಂದು ರೂಪಾಯಿಯಂತೆ ಜೋಡಿಸಿದರೆ ಇನ್ನು 7,800. ಒಟ್ಟು 23,400 ರೂಪಾಯಿ. ಈ 7,800ರಲ್ಲಿ ಅರ್ಧವನ್ನು ಸಹಕಾರ ಸಂಘ ವಹಿಸಿ, ಉಳಿದ ಅರ್ಧವನ್ನು ಹತ್ತು ಬೆಳೆಗಾರರು ಹಂಚಿಕೊಂಡರೆ, ಒಬ್ಬರಿಗೆ ಬೀಳುವುದು ವರ್ಷಕ್ಕೆ 390 ರೂಪಾಯಿ ಮಾತ್ರ. ಇಷ್ಟರಿಂದ ಹದಿನೈದು ಮನೆಗಳಿಗೆ ಮಳೆಗಾಲದ ಕೈಸಾಲದ ಭಾರ ಇಳಿಯುವುದಾದರೆ ಇದು ದುಬಾರಿಯೇ?

ಯಾರ ಹೊಣೆ ಏನು?

ಗುಂಪಿನವರು ವಾರ ತಪ್ಪದೆ ಕೂಡಬೇಕು, ಉಳಿಸಬೇಕು, ತಮ್ಮೊಳಗೆ ಸಾಲ ಕೊಟ್ಟು ಹೊತ್ತಿಗೆ ಸರಿಯಾಗಿ ವಸೂಲು ಮಾಡಬೇಕು, ಲೆಕ್ಕ ಬರೆದಿಡಬೇಕು. ಆರು ತಿಂಗಳು ಹೀಗೆ ನಡೆದ ಮೇಲೆಯೇ ಜೋಡಣೆಯ ಹಣ ಬರಲಿ. ಹಣ ಮೊದಲೇ ಬಂದರೆ ಗುಂಪು ಹಣಕ್ಕಾಗಿ ಕೂಡುತ್ತದೆ, ಹಣ ಮುಗಿದೊಡನೆ ಒಡೆಯುತ್ತದೆ.

ಬೆಳೆಗಾರರು ಬಟವಾಡೆಯನ್ನು ಗೊತ್ತಾದ ದಿನವೇ ಮಾಡಬೇಕು. ಕೂಲಿ ವಾರ ತಪ್ಪಿದರೆ ಉಳಿತಾಯವೂ ತಪ್ಪುತ್ತದೆ. ತಮ್ಮ ಪಾಲನ್ನು ಕೂಲಿಯಲ್ಲಿ ಮುರಿದುಕೊಳ್ಳುವುದಾಗಲಿ, ನಮ್ಮ ತೋಟದಲ್ಲೇ ಇರಬೇಕೆಂಬ ಷರತ್ತು ಹಾಕುವುದಾಗಲಿ ಸಲ್ಲದು. ಹಾಗೆ ಮಾಡಿದರೆ ಅದು ಹೊಸ ಹೆಸರಿನ ಮುಂಗಡವಾದೀತು.

ನಮ್ಮ ಸಹಕಾರ ಸಂಘವು ಕಾನೂನು ಮತ್ತು ಉಪವಿಧಿಗಳು ಒಪ್ಪುವ ಮಿತಿಯಲ್ಲಿ, ಸರ್ವ ಸದಸ್ಯರ ಸಭೆಯ ಒಪ್ಪಿಗೆಯಿಂದ ತನ್ನ ಪಾಲನ್ನು ತೆಗೆದಿಡಬೇಕು. ಲೆಕ್ಕಪತ್ರ ಬಲ್ಲ ಒಬ್ಬ ಗುಮಾಸ್ತರನ್ನು ತಿಂಗಳಿಗೊಮ್ಮೆ ಗುಂಪಿನ ಪುಸ್ತಕ ನೋಡಲು ಕಳಿಸಿದರೆ ಅದೂ ದೊಡ್ಡ ನೆರವೇ. ಬ್ಯಾಂಕು ಗುಂಪಿನ ಹೆಸರಿನಲ್ಲಿ ಖಾತೆ ತೆರೆದು, ಉಳಿತಾಯ ನೋಡಿ ಸಾಲ ಕೊಡಲಿ. ಪಂಚಾಯಿತಿ, ಶಾಲೆಯ ಮೇಷ್ಟ್ರು, ಅಂಗನವಾಡಿಯವರು ಕೂಡಲು ಜಾಗ, ಬರೆಯಲು ಕೈ ಒದಗಿಸಲಿ. ಪಾಸ್‌ಬುಕ್ಕು ಮಾತ್ರ ಉಳಿಸಿದವರ ಬಳಿಯೇ ಇರಬೇಕು. ತೋಟದ ರೈಟರ ಬಳಿಯಲ್ಲ, ಸಂಘದ ಬೀರುವಿನಲ್ಲಿಯೂ ಅಲ್ಲ.

ಬಡವರು ಉಳಿಸಲಾರರು ಎಂಬ ಮಾತು ಎಲ್ಲ ದೇಶಗಳಲ್ಲಿಯೂ ಇದೆ. ಅಮೆರಿಕದಲ್ಲಿ 1997ರಿಂದ ಕೆಲವು ವರ್ಷ ಬಡ ಕುಟುಂಬಗಳ ಉಳಿತಾಯಕ್ಕೆ ಹಣ ಜೋಡಿಸಿ ನೋಡಿದರು. ಮನೆ, ಓದು, ಸಣ್ಣ ಉದ್ಯೋಗಕ್ಕೆಂದು ತೀರಾ ಕಡಿಮೆ ಆದಾಯದವರೂ ಅಲ್ಲಿ ಹಣ ಉಳಿಸಿದರು. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅಡಿಗೆಗೆ ಅಳೆಯುವಾಗ ಒಂದು ಹಿಡಿ ಅಕ್ಕಿ ತೆಗೆದಿಡುವ ಪದ್ಧತಿ ಅವರದೇ. ಹನಿಗೂಡಿದರೆ ಹಳ್ಳ ಎಂಬುದು ಅವರಿಗೆ ಗೊತ್ತು. ಹಳ್ಳಕ್ಕೆ ಒಂದು ಒಡ್ಡು ಕಟ್ಟುವ ಕೆಲಸ ನಮ್ಮದು.

ಬೆಳೆಗಾರ ಬಂಧುಗಳು ಈ ವಿಚಾರವನ್ನು ಮುಂದಿನ ಸಾಮಾನ್ಯ ಸಭೆಗೆ ತರಬೇಕೆಂದೂ, ಕೊಯ್ಲು ಆರಂಭವಾಗುವ ಮುನ್ನ ತಮ್ಮ ತಮ್ಮ ಊರಿನಲ್ಲಿ ಒಂದಾದರೂ ಗುಂಪಿಗೆ ಬೆಂಬಲವಾಗಿ ನಿಲ್ಲಬೇಕೆಂದೂ ಕೋರುತ್ತೇವೆ.