ಕರ್ನಾಟಕದ ಸಣ್ಣ ನಗರಗಳಲ್ಲಿ ಒಳಚರಂಡಿ ಹಣಕಾಸು ಮತ್ತು ಸಾಲದ ಮಿತಿ

ಒಳಚರಂಡಿ ಹಣಕಾಸು ಎಂದರೆ ಊರಿನ ಕೊಳಚೆ ನೀರನ್ನು ಸಾಗಿಸುವ ಕೊಳವೆ ಜಾಲ, ಪಂಪ್‌ಮನೆ ಹಾಗೂ ಶುದ್ಧೀಕರಣ ಘಟಕಗಳನ್ನು ಕಟ್ಟಲು ಮತ್ತು ಅವುಗಳನ್ನು ನಿರಂತರವಾಗಿ ನಡೆಸಲು ಸ್ಥಳೀಯ ಸಂಸ್ಥೆಗಳು ಹಣ ಹೊಂದಿಸಿಕೊಳ್ಳುವ ವ್ಯವಸ್ಥೆ. ಕರ್ನಾಟಕದ ನಗರಸಭೆ ಹಾಗೂ ಪುರಸಭೆಗಳು ಈ ಕೆಲಸಕ್ಕಾಗಿ ತಮ್ಮ ಇಚ್ಛೆಯಂತೆ ಸಾಲ ಮಾಡುವಂತಿಲ್ಲ. ಅವುಗಳಿಗೆ ರಾಜ್ಯ ಸರ್ಕಾರದ ಅನುಮತಿ ಬೇಕು. ರಾಜ್ಯ ಸರ್ಕಾರದ ಸಾಲಕ್ಕೂ ಖಾತರಿಗೂ ಕಾನೂನಿನ ಮಿತಿಗಳಿವೆ. ಈ ಕಾರಣದಿಂದ ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್‌ನಂತಹ ಸಣ್ಣ ಊರುಗಳ ಒಳಚರಂಡಿಯು ಮುಖ್ಯವಾಗಿ ಅನುದಾನವನ್ನೂ, ಸರ್ಕಾರಿ ಸಂಸ್ಥೆಗಳ ಮೂಲಕ ಬರುವ ಸಾಲವನ್ನೂ ಅವಲಂಬಿಸಿದೆ.

ಹಿನ್ನೆಲೆ

ಬಸವಕಲ್ಯಾಣ ಮತ್ತು ಹುಮನಾಬಾದ್ ಬೀದರ್ ಜಿಲ್ಲೆಯ ನೆರೆಹೊರೆಯ ತಾಲ್ಲೂಕು ಕೇಂದ್ರಗಳು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಇವು ಇಂದು ಕಲ್ಯಾಣ ಕರ್ನಾಟಕ ಪ್ರದೇಶಕ್ಕೆ ಸೇರಿವೆ. 2011ರ ಜನಗಣತಿಯಂತೆ ಬಸವಕಲ್ಯಾಣದ ಜನಸಂಖ್ಯೆ ಸುಮಾರು 70 ಸಾವಿರ. ಹುಮನಾಬಾದ್‌ನದು 50 ಸಾವಿರಕ್ಕಿಂತ ಕಡಿಮೆ. ಎರಡೂ ಊರುಗಳು ಒಂದು ಲಕ್ಷದ ಗಡಿಯ ಕೆಳಗಿರುವುದು ಹಣಕಾಸಿನ ದೃಷ್ಟಿಯಿಂದ ಮಹತ್ವದ ಸಂಗತಿ. ಹಲವು ಯೋಜನೆಗಳ ಅರ್ಹತೆಯನ್ನು ಈ ಗಡಿಯೇ ನಿರ್ಧರಿಸುತ್ತದೆ.

ಇಂತಹ ಊರುಗಳ ಆಡಳಿತ ನಡೆಯುವುದು ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಅಡಿಯಲ್ಲಿ. ಚರಂಡಿ ವ್ಯವಸ್ಥೆ ಪುರಸಭೆಯ ಕಡ್ಡಾಯ ಕರ್ತವ್ಯಗಳಲ್ಲಿ ಒಂದು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿಯೂ ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯದ ಉಲ್ಲೇಖವಿದೆ. ಒಳಚರಂಡಿ ಯೋಜನೆಗಳನ್ನು ರೂಪಿಸಿ ಕಾಮಗಾರಿ ನಡೆಸುವ ಹೊಣೆಯನ್ನು ಬೆಂಗಳೂರಿನ ಹೊರಗಿನ ನಗರಗಳಲ್ಲಿ ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ವಹಿಸುತ್ತದೆ. ಕಾಮಗಾರಿ ಮುಗಿದ ಮೇಲೆ ನಿರ್ವಹಣೆಯ ಭಾರ ಸ್ಥಳೀಯ ಸಂಸ್ಥೆಯ ಹೆಗಲಿಗೆ ಬರುತ್ತದೆ.

ಸಾಲದ ಕಾನೂನು ಮಿತಿಗಳು

ಸಾಲದ ಮಿತಿ ಎಂದೊಡನೆ ಇಂತಿಷ್ಟು ಶೇಕಡ ಎಂಬ ಒಂದು ಅಂಕಿ ಕಣ್ಣ ಮುಂದೆ ಬರುವುದು ಸಹಜ. ಕರ್ನಾಟಕದ ಸಣ್ಣ ಊರುಗಳ ಮಟ್ಟಿಗೆ ಈ ಮಿತಿಯನ್ನು ಅನುಮತಿಗಳ ಒಂದು ಸರಪಳಿಯೆಂದು ತಿಳಿಯುವುದು ಹೆಚ್ಚು ಸರಿ.

ಸರಪಳಿಯ ಮೊದಲ ಕೊಂಡಿ ಪುರಸಭೆ ಮತ್ತು ರಾಜ್ಯ ಸರ್ಕಾರದ ನಡುವಿನದು. ಸ್ಥಳೀಯ ಸಂಸ್ಥೆಯು ತನ್ನ ನಿಧಿಯ ಆಧಾರದ ಮೇಲೆ ಸಾಲ ಪಡೆಯುವುದನ್ನು ಬ್ರಿಟಿಷರ ಕಾಲದ ಸ್ಥಳೀಯ ಪ್ರಾಧಿಕಾರಗಳ ಸಾಲ ಅಧಿನಿಯಮ, 1914 ಸರ್ಕಾರದ ಪೂರ್ವಾನುಮತಿಗೆ ಒಳಪಡಿಸಿತು. ಸ್ಥಳೀಯ ಸಂಸ್ಥೆಗಳ ಸಾಲಕ್ಕೆ ಸರ್ಕಾರದ ಒಪ್ಪಿಗೆ ಬೇಕೆಂಬ ತತ್ತ್ವ ಇಂದಿಗೂ ಮುಂದುವರಿದಿದೆ.

ಎರಡನೆಯ ಕೊಂಡಿ ರಾಜ್ಯದ ಖಾತರಿ. ಪುರಸಭೆಯ ವರಮಾನವನ್ನಷ್ಟೇ ನಂಬಿ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದಾಗ ರಾಜ್ಯ ಸರ್ಕಾರ ಜಾಮೀನು ನಿಲ್ಲಬಹುದು. ಸಂವಿಧಾನದ 293(1)ನೆಯ ವಿಧಿಯು ರಾಜ್ಯದ ಸಾಲ ಹಾಗೂ ಖಾತರಿಗಳಿಗೆ ಶಾಸಕಾಂಗವು ಮಿತಿ ವಿಧಿಸಲು ಅವಕಾಶ ನೀಡಿದೆ. ಅದರಂತೆ ಕರ್ನಾಟಕವು 1999ರಲ್ಲಿ ಸರ್ಕಾರಿ ಖಾತರಿಗಳ ಮೇಲೆ ಮಿತಿ ಹೇರುವ ಕಾನೂನನ್ನು ಮಾಡಿತು. ಪ್ರತಿವರ್ಷ ಏಪ್ರಿಲ್ 1ಕ್ಕೆ ಬಾಕಿ ಇರುವ ಒಟ್ಟು ಖಾತರಿಗಳು, ಅದಕ್ಕೆ ಹಿಂದಿನ ಎರಡನೆಯ ವರ್ಷದ ರಾಜಸ್ವ ಸ್ವೀಕೃತಿಯ ಶೇ. 80ನ್ನು ಮೀರಬಾರದು.

ಮೂರನೆಯ ಕೊಂಡಿ ರಾಜ್ಯದ ಸ್ವಂತ ಸಾಲ. ಕರ್ನಾಟಕ ಹಣಕಾಸು ಹೊಣೆಗಾರಿಕೆ ಅಧಿನಿಯಮ, 2002 ರಾಜ್ಯದ ಒಟ್ಟು ಹೊಣೆಗಾರಿಕೆಗಳನ್ನು ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ. 25ರೊಳಗೂ ವಿತ್ತೀಯ ಕೊರತೆಯನ್ನು ಶೇ. 3ರೊಳಗೂ ಇರಿಸಬೇಕೆಂಬ ಗುರಿಯನ್ನು ಹಾಕಿಕೊಟ್ಟಿತು. ಸರ್ಕಾರಿ ನಿಗಮವೊಂದು ಮಾಡಿದ ಸಾಲದ ಅಸಲು ಅಥವಾ ಬಡ್ಡಿ ರಾಜ್ಯದ ಬಜೆಟ್ಟಿನಿಂದ ತೀರುವುದಾದರೆ ಅದನ್ನೂ ರಾಜ್ಯದ ಹೊಣೆಗಾರಿಕೆಯಾಗಿಯೇ ಎಣಿಸಲಾಗುತ್ತದೆ. ಇದಲ್ಲದೆ, ಕೇಂದ್ರಕ್ಕೆ ಸಾಲ ಬಾಕಿ ಇರುವ ರಾಜ್ಯವು ಹೊಸ ಸಾಲ ಎತ್ತಲು 293(3)ನೆಯ ವಿಧಿಯಂತೆ ಕೇಂದ್ರದ ಸಮ್ಮತಿ ಪಡೆಯಬೇಕು.

ಹೀಗಾಗಿ ತಾಲ್ಲೂಕು ಕೇಂದ್ರವೊಂದರ ಕೊಳವೆ ಕಾಮಗಾರಿಯ ಸಾಲವು ಬೆಂಗಳೂರು, ದೆಹಲಿಗಳ ಲೆಕ್ಕದ ಪುಸ್ತಕಕ್ಕೂ ಸಂಬಂಧಿಸಿದ ವಿಷಯವಾಗುತ್ತದೆ.

ಹಣದ ಮೂಲಗಳು

ಸ್ವಂತ ವರಮಾನ: ಆಸ್ತಿ ತೆರಿಗೆ, ನೀರಿನ ಕರ, ಒಳಚರಂಡಿ ಶುಲ್ಕ, ಅಂಗಡಿ ಮಳಿಗೆಗಳ ಬಾಡಿಗೆ ಇತ್ಯಾದಿ. ಸಣ್ಣ ಊರುಗಳಲ್ಲಿ ಇದು ದಿನನಿತ್ಯದ ವೆಚ್ಚಕ್ಕೇ ಸಾಲದಿರುವುದು ಸಾಮಾನ್ಯ.

ರಾಜ್ಯದ ಹಂಚಿಕೆ: ಸಂವಿಧಾನದ 243ವೈ ವಿಧಿಯಂತೆ ರಾಜ್ಯ ಹಣಕಾಸು ಆಯೋಗದ ಶಿಫಾರಸಿನ ಮೇಲೆ ಬರುವ ಪಾಲು. ಸಾಲದ ಕಂತುಗಳನ್ನು ಈ ಪಾಲಿನಿಂದ ಮೂಲದಲ್ಲಿಯೇ ಕಡಿತ ಮಾಡಿಕೊಳ್ಳುವ ಪದ್ಧತಿ ಕರ್ನಾಟಕದಲ್ಲಿದೆ. ಇದು ಸಾಲ ನೀಡಿದವರಿಗೆ ಭದ್ರತೆ. ಆದರೆ ಕಂತು ಹೆಚ್ಚಿದಷ್ಟೂ ಬೀದಿದೀಪ, ರಸ್ತೆ ಮೊದಲಾದ ಇತರ ಕೆಲಸಗಳಿಗೆ ಉಳಿಯುವ ಹಣ ಕುಗ್ಗುತ್ತದೆ.

ಕೇಂದ್ರದ ಅನುದಾನ: 15ನೆಯ ಹಣಕಾಸು ಆಯೋಗವು 2021-22ರಿಂದ 2025-26ರ ಅವಧಿಗೆ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳ ಅನುದಾನದಲ್ಲಿ ಶೇ. 30ನ್ನು ನೈರ್ಮಲ್ಯಕ್ಕೂ ಶೇ. 30ನ್ನು ಕುಡಿಯುವ ನೀರು ಮತ್ತು ನೀರಿನ ಮರುಬಳಕೆಗೂ ಮೀಸಲಿಟ್ಟಿತು. 2015ರ ಅಮೃತ್ ಯೋಜನೆಯು ಮುಖ್ಯವಾಗಿ ಒಂದು ಲಕ್ಷ ಮೀರಿದ ನಗರಗಳಿಗೆ ಸೀಮಿತವಾಗಿತ್ತು. 2021ರ ಅಕ್ಟೋಬರ್ 1ರಂದು ಆರಂಭವಾದ ಅಮೃತ್ 2.0ರಲ್ಲಿ ನೀರು ಪೂರೈಕೆ ಎಲ್ಲ ಪಟ್ಟಣಗಳಿಗೂ ವಿಸ್ತರಿಸಿದರೂ ಒಳಚರಂಡಿ ಭಾಗವು ಹಿಂದಿನ 500 ನಗರಗಳಿಗೇ ಉಳಿಯಿತು. ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳ ಬಳಸಿದ ನೀರಿನ ನಿರ್ವಹಣೆಯನ್ನು ಅದೇ ದಿನ ಆರಂಭವಾದ ಸ್ವಚ್ಛ ಭಾರತ ಅಭಿಯಾನ-ನಗರ 2.0ಕ್ಕೆ ಸೇರಿಸಲಾಯಿತು.

ಪ್ರಾದೇಶಿಕ ಅನುದಾನ: ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಈ ಭಾಗದ ಮೂಲಸೌಕರ್ಯಗಳಿಗೆ ಹಣ ನೀಡುತ್ತದೆ.

ಮಧ್ಯವರ್ತಿ ಸಂಸ್ಥೆಯ ಸಾಲ: 1993ರಲ್ಲಿ ಸ್ಥಾಪನೆಯಾದ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮವು ಏಷ್ಯನ್ ಅಭಿವೃದ್ಧಿ ಬ್ಯಾಂಕ್, ವಿಶ್ವಬ್ಯಾಂಕ್‌ಗಳ ನೆರವಿನ ಯೋಜನೆಗಳನ್ನು ನಿರ್ವಹಿಸುತ್ತದೆ. ರಾಜ್ಯಗಳು ಭಾರತದ ಒಳಗೆ ಮಾತ್ರ ಸಾಲ ಎತ್ತಬಹುದಾದ್ದರಿಂದ, ವಿದೇಶಿ ಸಾಲವು ಮೊದಲು ಕೇಂದ್ರಕ್ಕೆ ಬಂದು, ಅಲ್ಲಿಂದ ರಾಜ್ಯಕ್ಕೂ, ನಿಗಮದ ಮೂಲಕ ಊರುಗಳಿಗೂ ಹರಿಯುತ್ತದೆ.

ಬಸವಕಲ್ಯಾಣ ಮತ್ತು ಹುಮನಾಬಾದ್

ಏಷ್ಯನ್ ಅಭಿವೃದ್ಧಿ ಬ್ಯಾಂಕಿನ 27 ಕೋಟಿ ಅಮೆರಿಕನ್ ಡಾಲರ್ ಸಾಲದ ನೆರವಿನೊಂದಿಗೆ 2006-07ರ ಹೊತ್ತಿಗೆ ರೂಪುಗೊಂಡ ಉತ್ತರ ಕರ್ನಾಟಕ ನಗರ ವಲಯ ಹೂಡಿಕೆ ಕಾರ್ಯಕ್ರಮದಲ್ಲಿ 25 ಊರುಗಳಿದ್ದವು. ಬೀದರ್ ಜಿಲ್ಲೆಯಿಂದ ಬೀದರ್ ನಗರವೂ ಬಸವಕಲ್ಯಾಣವೂ ಸೇರಿದವು. ಹುಮನಾಬಾದ್ ಆ ಪಟ್ಟಿಯಲ್ಲಿರಲಿಲ್ಲ. ನೀರು ಪೂರೈಕೆ, ಒಳಚರಂಡಿ ಮತ್ತು ಕೊಳೆಗೇರಿ ಸುಧಾರಣೆ ಈ ಕಾರ್ಯಕ್ರಮದ ಮುಖ್ಯ ಭಾಗಗಳಾಗಿದ್ದವು.

ನೆರೆಹೊರೆಯ ಈ ಎರಡು ಊರುಗಳ ಉದಾಹರಣೆಯಿಂದ ತಿಳಿಯುವುದೇನೆಂದರೆ, ಸಣ್ಣ ಊರಿಗೆ ಒಳಚರಂಡಿ ಯಾವಾಗ ಬರುತ್ತದೆ ಎಂಬುದು ಆ ಊರಿನ ಅಗತ್ಯದಿಂದಾಗಲಿ, ತೆರಿಗೆದಾರರ ಸಿದ್ಧತೆಯಿಂದಾಗಲಿ ಮಾತ್ರ ನಿರ್ಧಾರವಾಗುವುದಿಲ್ಲ. ಸ್ವತಂತ್ರವಾಗಿ ಸಾಲ ಎತ್ತಲಾಗದ ಊರು ಯೋಜನೆಯ ಪಟ್ಟಿಗೆ ಸೇರುವವರೆಗೆ ಕಾಯಬೇಕಾಗುತ್ತದೆ. ಅಲ್ಲಿಯವರೆಗೆ ಶೌಚಗುಂಡಿಗಳೂ ತೆರೆದ ಚರಂಡಿಗಳೂ ಕೊಳವೆಯ ಕೆಲಸವನ್ನು ಮಾಡುತ್ತವೆ. ಕೊಳಚೆಯು ಕೊನೆಗೆ ಸೇರುವುದು ತಗ್ಗಿನಲ್ಲಿರುವ ಹಳ್ಳ, ಕೆರೆ, ಬಾವಿಗಳನ್ನೇ.

ಸಾಲದ ಕಂತು: ಒಂದು ಕಾಲ್ಪನಿಕ ಲೆಕ್ಕ

ಕಾನೂನಿನ ಮಿತಿಗಿಂತ ಮೊದಲೇ ಎದುರಾಗುವ ಮಿತಿ ವರಮಾನದ್ದು. ಇದನ್ನು ವಿವರಿಸಲು ಒಂದು ಕಾಲ್ಪನಿಕ ಊರನ್ನು ತೆಗೆದುಕೊಳ್ಳಬಹುದು. ಅದು ಶೇ. 8ರ ಬಡ್ಡಿಗೆ, 20 ವರ್ಷಗಳ ಅವಧಿಗೆ 10 ಕೋಟಿ ರೂಪಾಯಿ ಸಾಲ ಪಡೆದರೆ, ಸಮಾನ ಕಂತುಗಳ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1 ಕೋಟಿ 2 ಲಕ್ಷ ರೂಪಾಯಿ ಕಟ್ಟಬೇಕು. 10,000 ಮನೆಗಳು ಒಳಚರಂಡಿಗೆ ಜೋಡಣೆಯಾದರೆ ಪ್ರತಿ ಮನೆಯ ಪಾಲು ತಿಂಗಳಿಗೆ ಸುಮಾರು 85 ರೂಪಾಯಿ. 4,000 ಮನೆಗಳು ಮಾತ್ರ ಜೋಡಣೆಯಾದರೆ ಅದೇ ಪಾಲು ಸುಮಾರು 212 ರೂಪಾಯಿಗೆ ಏರುತ್ತದೆ. ಇದು ಸಾಲದ ಕಂತು ಮಾತ್ರ. ವಿದ್ಯುತ್, ಸಿಬ್ಬಂದಿ, ದುರಸ್ತಿ ಬೇರೆ. ಮನೆಯಿಂದ ಬೀದಿಯ ಕೊಳವೆಯವರೆಗಿನ ಜೋಡಣೆಯ ವೆಚ್ಚವನ್ನು ಬಡ ಕುಟುಂಬಗಳು ಭರಿಸಲಾರದೆ ಹಿಂದುಳಿದರೆ ಇಡೀ ಯೋಜನೆಯ ಲೆಕ್ಕವೇ ತಪ್ಪುತ್ತದೆ.

ಬಾಂಡ್‌ಗಳು ಮತ್ತು ಸಾಮೂಹಿಕ ನಿಧಿ

ಬೆಂಗಳೂರು ಮಹಾನಗರ ಪಾಲಿಕೆಯು 1997ರಲ್ಲಿ ರಾಜ್ಯದ ಖಾತರಿಯೊಂದಿಗೆ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತು. ಮರುವರ್ಷ ಅಹಮದಾಬಾದ್ ಪಾಲಿಕೆಯು ಖಾತರಿಯಿಲ್ಲದೆ 100 ಕೋಟಿ ರೂಪಾಯಿ ಎತ್ತಿತು. ಸಣ್ಣ ಊರೊಂದು ಹೀಗೆ ಮಾರುಕಟ್ಟೆಗೆ ಹೋಗುವುದು ಕಷ್ಟ; ಬೇಕಾದ ಮೊತ್ತ ಚಿಕ್ಕದು, ಬಾಂಡ್ ಹೊರಡಿಸುವ ವೆಚ್ಚ ದೊಡ್ಡದು.

ಹಲವು ಊರುಗಳು ಒಟ್ಟಾಗಿ ಸಾಲ ಎತ್ತುವ ಸಾಮೂಹಿಕ ನಿಧಿ ಇದಕ್ಕೆ ಒಂದು ಪರಿಹಾರ. ಕರ್ನಾಟಕ ನೀರು ಮತ್ತು ನೈರ್ಮಲ್ಯ ಸಾಮೂಹಿಕ ನಿಧಿಯು 2005ರಲ್ಲಿ 100 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿ, ಬೆಂಗಳೂರಿನ ಸುತ್ತಲಿನ ಏಳು ನಗರಸಭೆಗಳು ಮತ್ತು ಕೆಂಗೇರಿ ಪುರಸಭೆಯ ಯೋಜನೆಗೆ ಒದಗಿಸಿತು. ಅಸಲಿನ ಅರ್ಧಕ್ಕೆ ಅಮೆರಿಕದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ ಖಾತರಿ ನೀಡಿತ್ತು. ಆದರೆ ಇವು ರಾಜಧಾನಿಯ ಸೆರಗಿನಲ್ಲಿ ವೇಗವಾಗಿ ಬೆಳೆಯುತ್ತಿದ್ದ ಊರುಗಳು. 2007ರಲ್ಲಿ ಇವೆಲ್ಲವೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾದವು.

ಇತರ ದೇಶಗಳಲ್ಲಿ

ಅಮೆರಿಕದ ಅನೇಕ ರಾಜ್ಯಗಳಲ್ಲಿ ಮಿತಿಯು ನೇರವಾದ ಅಂಕಿಯ ರೂಪದಲ್ಲಿದೆ. ಇಂಡಿಯಾನಾ ರಾಜ್ಯದ ಸಂವಿಧಾನಕ್ಕೆ 1881ರಲ್ಲಿ ಸೇರಿದ ನಿಯಮದಂತೆ ಸ್ಥಳೀಯ ಸಂಸ್ಥೆಯ ಸಾಲವು ಅಲ್ಲಿನ ತೆರಿಗೆ ಯೋಗ್ಯ ಆಸ್ತಿಯ ಮೌಲ್ಯದ ಶೇ. 2ನ್ನು ಮೀರಬಾರದು. ಆದರೆ ಒಳಚರಂಡಿ ಶುಲ್ಕದಿಂದಲೇ ತೀರುವ ವರಮಾನ ಬಾಂಡ್‌ಗಳನ್ನು ಈ ಮಿತಿಯಲ್ಲಿ ಎಣಿಸುವುದಿಲ್ಲ. ಹೀಗಾಗಿ ಅಲ್ಲಿ ನಿಯಮಿತವಾಗಿ ವಸೂಲಾಗುವ ಶುಲ್ಕವು ಊರಿಗೆ ಸಾಲದ ಸಾಮರ್ಥ್ಯವನ್ನೂ ತಂದುಕೊಡುತ್ತದೆ.

ಕರ್ತವ್ಯ ಮತ್ತು ಸಾಮರ್ಥ್ಯ

ಸಾಲಕ್ಕೆ ಮಿತಿ ಹಾಕಿರುವ ಕಾನೂನು ಕರ್ತವ್ಯಕ್ಕೆ ಅಂತಹ ಮಿತಿ ಹಾಕಿಲ್ಲ. ಮಧ್ಯಪ್ರದೇಶದ ರತ್ಲಾಮ್ ಪುರಸಭೆಯ ಪ್ರಕರಣದಲ್ಲಿ (1980) ಸುಪ್ರೀಂ ಕೋರ್ಟ್, ಹಣದ ಕೊರತೆಯನ್ನು ಮುಂದಿಟ್ಟು ಪುರಸಭೆಯು ಚರಂಡಿ ಒದಗಿಸುವ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂದು ತೀರ್ಪಿತ್ತಿತು. ಶುದ್ಧೀಕರಿಸದ ಕೊಳಚೆಯನ್ನು ಹಳ್ಳ-ಕೆರೆಗಳಿಗೆ ಬಿಡುವುದಕ್ಕೆ ಜಲ ಮಾಲಿನ್ಯ ನಿಯಂತ್ರಣ ಅಧಿನಿಯಮ, 1974 ತಡೆಯೊಡ್ಡುತ್ತದೆ.

ನಿರ್ವಹಣೆಯ ಹಣಕ್ಕೆ ಕೊರತೆಯಾದಾಗ ಅದರ ಬೆಲೆಯನ್ನು ತೆರುವವರು ಬಹುಮಟ್ಟಿಗೆ ಪೌರಕಾರ್ಮಿಕರು. ಸಕ್ಕಿಂಗ್ ಮತ್ತು ಜೆಟ್ಟಿಂಗ್ ಯಂತ್ರಗಳಿಲ್ಲದ ಕಡೆ ಮನುಷ್ಯರನ್ನು ಮ್ಯಾನ್‌ಹೋಲ್‌ಗೆ ಇಳಿಸುವ ಅಪಾಯವಿರುತ್ತದೆ. ಇಂತಹ ಅಪಾಯಕಾರಿ ಶುಚಿಗೊಳಿಸುವಿಕೆಯನ್ನು 2013ರ ಕಾನೂನು ನಿಷೇಧಿಸಿದೆ. ಒಳಚರಂಡಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಆದ್ದರಿಂದ ಯಂತ್ರಗಳ ಖರೀದಿ ಮತ್ತು ಅವುಗಳ ದುರಸ್ತಿಯ ವೆಚ್ಚವನ್ನು ಯೋಜನೆಯ ಮೂಲ ಅಂದಾಜಿನಲ್ಲಿಯೇ ಸೇರಿಸುವುದು ಅಗತ್ಯ.

ಪೂರ್ಣ ಕೊಳವೆ ಜಾಲಕ್ಕೆ ಹಣ ದೊರೆಯುವವರೆಗೆ ಸಣ್ಣ ಊರುಗಳಿಗೆ ಕಡಿಮೆ ವೆಚ್ಚದ ದಾರಿಯೂ ಇದೆ. ಶೌಚಗುಂಡಿಗಳ ಮಲತ್ಯಾಜ್ಯವನ್ನು ಯಂತ್ರದಿಂದ ತೆಗೆದು ಪ್ರತ್ಯೇಕ ಘಟಕದಲ್ಲಿ ಸಂಸ್ಕರಿಸುವ ಈ ಕ್ರಮವನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಿಂದ ಅನುಸರಿಸಲಾಗಿದೆ. ಅಡುಗೆಮನೆ ಹಾಗೂ ಬಚ್ಚಲಿನ ನೀರಿನ ಪ್ರಶ್ನೆಯನ್ನು ಇದು ಬಗೆಹರಿಸುವುದಿಲ್ಲವಾದರೂ, ದೊಡ್ಡ ಸಾಲದ ಅನುಮತಿಗಾಗಿ ಕಾಯದೆ ಆರಂಭಿಸಬಹುದಾದ ಕೆಲಸವಿದು.

ಇವನ್ನೂ ನೋಡಿ

ಬಸವಕಲ್ಯಾಣ
ಹುಮನಾಬಾದ್
ಬೀದರ್ ಜಿಲ್ಲೆ
ಭಾರತದ ಸಂವಿಧಾನದ 74ನೆಯ ತಿದ್ದುಪಡಿ
ಸ್ವಚ್ಛ ಭಾರತ ಅಭಿಯಾನ