ಸೇನಾ ಲಾರಿಯ ಮನೆಗೆ ಮೀಸಲು ಹೀಟರ್ ಯಾವುದು?

ನಾರ್ವೆಯ ಉತ್ತರ ಭಾಗದಲ್ಲಿ ಚಳಿಗಾಲದ ಒಂದು ರಾತ್ರಿ ಎಂದು ಭಾವಿಸಿ. ಹೊರಗಿನ ತಾಪ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕಡಿಮೆ. ಹತ್ತಿರದ ಊರು ಹತ್ತಾರು ಕಿಲೋಮೀಟರ್ ದೂರ. ನೀವು ಮಲಗಿರುವುದು ಲಾರಿಯ ಮೇಲೆ ಕೂರಿಸಿದ ಪುಟ್ಟ ಮನೆಯೊಂದರಲ್ಲಿ. ರಾತ್ರಿ ಹತ್ತು ಗಂಟೆಗೆ ಅದರ ಹೀಟರ್ ಕೆಟ್ಟು ನಿಂತಿತು. ಬೆಳಗಾಗುವ ಹೊತ್ತಿಗೆ ಒಳಗೆ ಏನಾಗಿರುತ್ತದೆ? ಉತ್ತರ ಹುಡುಕಲು ಪದವಿಪೂರ್ವ ತರಗತಿಯ ಭೌತವಿಜ್ಞಾನವೇ ಸಾಕು.

ಇಂಥ ಮನೆಗಳು ಕಲ್ಪನೆಯಲ್ಲ. ಜರ್ಮನಿಯಲ್ಲಿ ಸೇನೆಯಿಂದ ನಿವೃತ್ತವಾದ ಲಾರಿಗಳನ್ನು ಕೊಂಡು ಸಂಚಾರಿ ಮನೆಗಳಾಗಿ ಪರಿವರ್ತಿಸುವ ಹವ್ಯಾಸಿಗಳು ಅನೇಕರಿದ್ದಾರೆ. ಸೇನೆಗೆ ಬೇಡವಾದ ವಾಹನಗಳನ್ನು ಮಾರಲು ಅಲ್ಲಿ ‘ಫೆಬೆಗ್’ ಎಂಬ ಸರ್ಕಾರಿ ಕಂಪನಿಯೇ ಇದೆ. 1976ರಿಂದ ಪಶ್ಚಿಮ ಜರ್ಮನಿಯ ಸೇನೆಗೆ ಪೂರೈಕೆಯಾದ ಮಾನ್ ಕಂಪನಿಯ ‘ಕಾಟ್ 1’ ಲಾರಿ ಇವರಿಗೆ ಅಚ್ಚುಮೆಚ್ಚು. ಎಲ್ಲ ಚಕ್ರಗಳಿಗೂ ಎಂಜಿನ್ನಿನ ಬಲ ದೊರೆಯುವುದರಿಂದ ಅದು ಹಿಮದಲ್ಲೂ ಕೆಸರಿನಲ್ಲೂ ಸಾಗಬಲ್ಲದು. ಆದರೆ ಜರ್ಮನ್ ಸೇನೆಯ ಈ ಲಾರಿಗಳ ಡಾಯ್ಟ್ಸ್ ಎಂಜಿನ್ ಗಾಳಿಯಿಂದ ತಣಿಯುವಂಥದು. ಸಾಮಾನ್ಯ ಲಾರಿಗಳಲ್ಲಿ ಎಂಜಿನ್ ತಣಿಸುವ ಬಿಸಿನೀರನ್ನೇ ಒಳಗೆ ಹರಿಸಿ ಬೆಚ್ಚಗಾಗಿಸಬಹುದು. ಇಲ್ಲಿ ಆ ಬಿಸಿನೀರೇ ಇಲ್ಲ. ಹಾಗಾಗಿ ಮನೆಗೆ ಪ್ರತ್ಯೇಕ ಹೀಟರ್ ಬೇಕೇ ಬೇಕು. ಅದು ಕೈಕೊಟ್ಟರೆ ಇನ್ನೊಂದು ಮೀಸಲು ಹೀಟರ್ ಸಹ ಬೇಕು.

ಎಷ್ಟು ಉಷ್ಣ ಸೋರುತ್ತದೆ?

ನಮ್ಮ ಮನೆಯ ಒಳ ಅಳತೆ 4.5 ಮೀಟರ್ ಉದ್ದ, 2.3 ಮೀಟರ್ ಅಗಲ, 2 ಮೀಟರ್ ಎತ್ತರ ಎಂದಿರಲಿ. ನೆಲ, ಛಾವಣಿ, ಗೋಡೆಗಳ ಒಟ್ಟು ವಿಸ್ತೀರ್ಣ ಸುಮಾರು 48 ಚದರ ಮೀಟರ್. ಗೋಡೆಯೊಳಗೆ 60 ಮಿಲಿಮೀಟರ್ ದಪ್ಪದ ಪಾಲಿಯುರಿಥೇನ್ ಫೋಮ್ ಇದೆ. ಅದರ ಉಷ್ಣವಾಹಕತೆ ತೀರಾ ಕಡಿಮೆ. ಆದರೆ ಚೌಕಟ್ಟಿನ ಅಲ್ಯೂಮಿನಿಯಮಿನ ವಾಹಕತೆ ಫೋಮಿನದಕ್ಕಿಂತ ಸುಮಾರು 8,000 ಪಟ್ಟು ಹೆಚ್ಚು! ಒಳಗಿನಿಂದ ಹೊರಕ್ಕೆ ಹಾಯ್ದಿರುವ ಒಂದೊಂದು ಲೋಹದ ಪಟ್ಟಿಯೂ ಉಷ್ಣ ಓಡಿಹೋಗಲು ಕಟ್ಟಿದ ಸೇತುವೆಯಂತೆ. ಈ ಸೇತುವೆಗಳನ್ನೂ ಸೇರಿಸಿ, ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ತಾಪವ್ಯತ್ಯಾಸಕ್ಕೆ 0.5 ವಾಟ್ ನಷ್ಟ ಎಂದು ಇಟ್ಟುಕೊಳ್ಳೋಣ. ಆಗ ಗೋಡೆಗಳಿಂದ ಡಿಗ್ರಿಗೆ 24 ವಾಟ್ ಸೋರುತ್ತದೆ. ಕಿಟಕಿಗಳಿಂದ ಹೆಚ್ಚುವರಿಯಾಗಿ ಸುಮಾರು 5 ವಾಟ್. ಗಂಟೆಗೊಮ್ಮೆ ಒಳಗಿನ ಗಾಳಿ ಪೂರ್ತಿ ಬದಲಾಗುವುದಾದರೆ ಇನ್ನೂ 7 ವಾಟ್. ಒಟ್ಟು ಡಿಗ್ರಿಗೆ 36 ವಾಟ್.

ಹೊರಗೆ −20 ಡಿಗ್ರಿ, ಒಳಗೆ 20 ಡಿಗ್ರಿ ಇರಬೇಕಾದರೆ ವ್ಯತ್ಯಾಸ 40. ಹಾಗಾದರೆ 36ನ್ನು 40ರಿಂದ ಗುಣಿಸಿ. 1,440 ವಾಟ್, ಅಂದರೆ ಸುಮಾರು ಒಂದೂವರೆ ಕಿಲೋವಾಟ್ ಉಷ್ಣವನ್ನು ಎಡೆಬಿಡದೆ ಒದಗಿಸುತ್ತಿರಬೇಕು.

ಹೀಟರ್ ನಿಂತರೆ?

ಮನೆಯಲ್ಲಿ 200 ಲೀಟರ್ ನೀರಿದೆ. ಅದಕ್ಕೆ ಮರದ ಪೀಠೋಪಕರಣ ಮೊದಲಾದವನ್ನು ಸೇರಿಸಿದರೆ ಒಟ್ಟು ಉಷ್ಣಧಾರಣ ಸಾಮರ್ಥ್ಯ ಡಿಗ್ರಿಗೆ ಸುಮಾರು 1,700 ಕಿಲೋಜೂಲ್ ಎನ್ನಬಹುದು. ನ್ಯೂಟನ್ನನ ತಣಿಯುವಿಕೆಯ ನಿಯಮದಂತೆ ಲೆಕ್ಕ ಹಾಕಿದರೆ, ಒಳಗಿನ ಮತ್ತು ಹೊರಗಿನ ತಾಪಗಳ ವ್ಯತ್ಯಾಸ ಸುಮಾರು ಪ್ರತಿ 9 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ವಿಕಿರಣಶೀಲ ಧಾತುವಿನ ಅರ್ಧಾಯುವನ್ನು ನೆನಪಿಸಿಕೊಳ್ಳಿ. ಗಣಿತ ಎರಡರದೂ ಒಂದೇ. ವ್ಯತ್ಯಾಸ 40ರಿಂದ 20ಕ್ಕೆ ಇಳಿಯಿತೆಂದರೆ ಒಳಗಿನ ತಾಪ ಸೊನ್ನೆ! ಅಂದರೆ ರಾತ್ರಿ ಹತ್ತಕ್ಕೆ ನಿಂತ ಹೀಟರಿನ ಫಲ ಬೆಳಗ್ಗೆ ಏಳರ ಹೊತ್ತಿಗೆ ಕಾಣಿಸುತ್ತದೆ.

ವಸ್ತುಗಳೆಲ್ಲ ಒಂದೇ ತಾಪದಲ್ಲಿರುತ್ತವೆ ಎಂದು ಇಲ್ಲಿ ಭಾವಿಸಿದ್ದೇವೆ. ವಾಸ್ತವದಲ್ಲಿ ಗಾಳಿಯೂ ಗೋಡೆಗೆ ತಾಗಿದ ನೀರಿನ ಕೊಳವೆಗಳೂ ಬಹಳ ಬೇಗ ತಣಿಯುತ್ತವೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಶೇಕಡ 9ರಷ್ಟು ಹಿಗ್ಗುವುದರಿಂದ ಕೊಳವೆ, ಪಂಪುಗಳು ಒಡೆಯುತ್ತವೆ. ಮಲಗಿದವರ ಪಾಡು ಹೇಳಬೇಕಾಗಿಲ್ಲ.

ಹೀಗಾಗಿ ಮೀಸಲು ಹೀಟರಿನಿಂದ ನಾವು ಬಯಸುವುದು ಸುಖವನ್ನಲ್ಲ, ರಕ್ಷಣೆಯನ್ನು. ಒಳಗೆ 8 ಡಿಗ್ರಿ ಉಳಿದರೂ ಸಾಕು. ಆಗ ವ್ಯತ್ಯಾಸ 28 ಡಿಗ್ರಿ. ಬೇಕಾದ ಉಷ್ಣ ಸುಮಾರು 1 ಕಿಲೋವಾಟ್, ದಿನಕ್ಕೆ 24 ಕಿಲೋವಾಟ್-ಗಂಟೆ.

ಎರಡೂ ಒಟ್ಟಿಗೆ ಕೆಟ್ಟರೆ?

ಈ ಲಾರಿಗಳಲ್ಲಿ ಮುಖ್ಯ ಹೀಟರ್ ಸಾಮಾನ್ಯವಾಗಿ ಡೀಸೆಲಿನದು. ಲಾರಿಯ ತೊಟ್ಟಿಯಿಂದಲೇ ಇಂಧನ ದೊರೆಯುವುದು ಅನುಕೂಲ. ಹಾಗಾದರೆ ಅಂಥದೇ ಇನ್ನೊಂದನ್ನು ಅಳವಡಿಸಿದರೆ ಸಾಲದೆ? ಇಲ್ಲಿ ಸಂಭಾವ್ಯತೆಯ ಪಾಠ ಉಪಯೋಗಕ್ಕೆ ಬರುತ್ತದೆ. ಒಂದು ಹೀಟರ್ ಒಂದು ರಾತ್ರಿ ಕೆಡುವ ಸಂಭಾವ್ಯತೆ ನೂರರಲ್ಲಿ ಒಂದು ಎಂದುಕೊಳ್ಳಿ. ಎರಡು ಹೀಟರುಗಳು ಪರಸ್ಪರ ಸಂಬಂಧವಿಲ್ಲದೆ ಕೆಡುವುದಾದರೆ, ಎರಡೂ ಒಂದೇ ರಾತ್ರಿ ಕೆಡುವ ಸಂಭಾವ್ಯತೆ ಹತ್ತು ಸಾವಿರದಲ್ಲಿ ಒಂದು. ಆದರೆ ಕೆಡುವ ಕಾರಣ ಎರಡಕ್ಕೂ ಒಂದೇ ಆಗಿದ್ದರೆ ಅದು ನೂರರಲ್ಲಿ ಒಂದಾಗಿಯೇ ಉಳಿಯುತ್ತದೆ. ಎರಡನೆಯದಕ್ಕೆ ಕೊಟ್ಟ ಹಣ ದಂಡ.

ಚಳಿಯಲ್ಲಿ ಇಂಥ ಸಮಾನ ಕಾರಣಗಳು ಮುಖ್ಯವಾಗಿ ಎರಡು. ಮೊದಲನೆಯದು ಇಂಧನ. ತಾಪ ಇಳಿದಂತೆ ಡೀಸೆಲಿನಲ್ಲಿರುವ ಪ್ಯಾರಾಫಿನ್ ಮೇಣದ ಹರಳುಗಳಾಗಿ ಬೇರ್ಪಟ್ಟು ಶೋಧಕವನ್ನು ಕಟ್ಟಿಹಾಕುತ್ತದೆ. ಜರ್ಮನಿಯಲ್ಲಿ ಬೇಸಿಗೆಯ ಡೀಸೆಲ್ 0 ಡಿಗ್ರಿಯವರೆಗೆ, ಚಳಿಗಾಲದ್ದು −20 ಡಿಗ್ರಿಯವರೆಗೆ ಶೋಧಕದ ಮೂಲಕ ಹರಿಯಬೇಕೆಂಬ ನಿಯಮವಿದೆ. ನೂರಾರು ಲೀಟರ್ ಹಿಡಿಸುವ ತೊಟ್ಟಿಯಲ್ಲಿ ಸೆಪ್ಟೆಂಬರಿನಲ್ಲಿ ತುಂಬಿಸಿದ ಡೀಸೆಲ್ ಡಿಸೆಂಬರಿನಲ್ಲೂ ಉಳಿದಿರಬಹುದಲ್ಲ! ನಮ್ಮ ಲಡಾಖ್‌ನಲ್ಲೂ ಇದೇ ತೊಂದರೆ ಇತ್ತು. ಅದಕ್ಕೆಂದೇ ಇಂಡಿಯನ್ ಆಯಿಲ್ 2019ರಲ್ಲಿ −33 ಡಿಗ್ರಿಯವರೆಗೂ ಹರಿಯಬಲ್ಲ ವಿಶೇಷ ಡೀಸೆಲನ್ನು ಅಲ್ಲಿಗೆ ಒದಗಿಸಿತು.

ಎರಡನೆಯದು ಬ್ಯಾಟರಿ. ಡೀಸೆಲ್ ಹೀಟರನ್ನು ಹೊತ್ತಿಸಲು ಕೆಲವು ನಿಮಿಷ ಸುಮಾರು 100 ವಾಟ್ ಬೇಕು. ಬಳಿಕ ಪಂಪು ಮತ್ತು ಫ್ಯಾನುಗಳಿಗೆ ಸತತವಾಗಿ ಅಷ್ಟಿಷ್ಟು ವಿದ್ಯುತ್ತು ಬೇಕು. ಆದರೆ −20 ಡಿಗ್ರಿಯಲ್ಲಿ ಸೀಸ-ಆಮ್ಲ ಬ್ಯಾಟರಿಯಿಂದ ದೊರೆಯುವುದು ಅದರ ಸಾಮರ್ಥ್ಯದ ಸುಮಾರು ಅರ್ಧ ಮಾತ್ರ. ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಆವೇಶಗೊಳಿಸಿದರೆ ಋಣಧ್ರುವದ ಮೇಲೆ ಲಿಥಿಯಂ ಲೋಹ ಕೂತು ಬ್ಯಾಟರಿ ಹಾಳಾಗುತ್ತದೆ. ಇನ್ನು ಬ್ಯಾಟರಿಯಿಂದಲೇ ಮನೆಯನ್ನು ಕಾಯಿಸುವ ಮಾತು ದೂರವೇ ಉಳಿಯಿತು. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 1.2 ಕಿಲೋವಾಟ್-ಗಂಟೆ, ನಮ್ಮ ಅಗತ್ಯಕ್ಕೆ ಅದು ಒಂದು ಗಂಟೆ ಹನ್ನೆರಡು ನಿಮಿಷ ಬಂದೀತು.

ಉಳಿದ ದಾರಿಗಳು

ಒಂದು, ಅನಿಲ. ಶುದ್ಧ ಪ್ರೋಪೇನ್ −42 ಡಿಗ್ರಿಯಲ್ಲಿ ಕುದಿಯುವುದರಿಂದ ನಮ್ಮ ಚಳಿಯಲ್ಲೂ ಅನಿಲವಾಗಿ ಹೊರಬರುತ್ತದೆ. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಬ್ಯೂಟೇನ್ ಸಹ ಬೆರೆತಿರುತ್ತದೆ. ಅದರ ಕುದಿಬಿಂದು −0.5 ಡಿಗ್ರಿ. ಅಂಥ ಸಿಲಿಂಡರನ್ನು ಅಲ್ಲಿಗೆ ಒಯ್ದರೆ ಪ್ರೋಪೇನ್ ಮೊದಲು ಖಾಲಿಯಾಗಿ ಬ್ಯೂಟೇನ್ ದ್ರವವಾಗಿಯೇ ಕುಳಿತುಬಿಡುತ್ತದೆ. ಹೊರಗಿನ ವಿದ್ಯುತ್ತು ಬೇಡದ, ಕೈಯಿಂದಲೇ ಹೊತ್ತಿಸಬಹುದಾದ ಪ್ರೋಪೇನ್ ಹೀಟರುಗಳಿವೆ. ದಿನಕ್ಕೆ ಸುಮಾರು 2.3 ಕಿಲೋಗ್ರಾಂ ಸಾಕು. ಜರ್ಮನಿಯಲ್ಲಿ ಸಿಗುವ 11 ಕಿಲೋಗ್ರಾಮಿನ ಒಂದು ಸಿಲಿಂಡರ್ ಹೆಚ್ಚುಕಡಿಮೆ 5 ದಿನ ಬರುತ್ತದೆ. ಆದರೆ ಸಿಲಿಂಡರಿನ ಜೋಡಣೆಗಳು ಎಲ್ಲ ದೇಶಗಳಲ್ಲಿ ಒಂದೇ ರೀತಿ ಇರುವುದಿಲ್ಲ.

ಇನ್ನೊಂದು, ಸೌದೆ. ಅದಕ್ಕೆ ಬ್ಯಾಟರಿ ಬೇಡ, ಪಂಪೂ ಬೇಡ. ಆದರೆ ದಿನಕ್ಕೆ ಸುಮಾರು 10 ಕಿಲೋಗ್ರಾಂ ಒಣಸೌದೆ ಬೇಕು. ಉರಿಯನ್ನು 1 ಕಿಲೋವಾಟಿಗೆ ಹಿಡಿದಿಡುವುದೂ ಸುಲಭವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಲೆಗೆ ಸೌದೆ ಒಡ್ಡಲು ಯಾರಾದರೂ ಎದ್ದಿರಬೇಕು.

ಮರೆಯಬಾರದ ಎಚ್ಚರ

ಯಾವ ಹೀಟರಾದರೂ ಹೊಗೆ ಹೊರಗೆ ಹೋಗುವ ಕೊಳವೆ ಇರಲೇಬೇಕು. ಗಾಳಿಯನ್ನೂ ಅದು ಹೊರಗಿನಿಂದಲೇ ಎಳೆದುಕೊಳ್ಳುವಂತಿದ್ದರೆ ಇನ್ನೂ ಕ್ಷೇಮ. ಕಾರಣ ರಾಸಾಯನಿಕ ಸಮೀಕರಣದಲ್ಲೇ ಇದೆ. ಒಂದು ಪ್ರೋಪೇನ್ ಅಣು ಉರಿಯಲು ಐದು ಆಕ್ಸಿಜನ್ ಅಣು ಬೇಕು. ಅಂದರೆ 1 ಕಿಲೋಗ್ರಾಂ ಪ್ರೋಪೇನಿಗೆ 3.6 ಕಿಲೋಗ್ರಾಂ ಆಕ್ಸಿಜನ್. ನಮ್ಮ ಪುಟ್ಟ ಮನೆಯ ಗಾಳಿಯಲ್ಲಿರುವ ಆಕ್ಸಿಜನ್ 6 ಕಿಲೋಗ್ರಾಂ ಸಹ ಇಲ್ಲ! ಆಕ್ಸಿಜನ್ ಕಡಿಮೆಯಾದಂತೆ ದಹನ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಹೀಮೋಗ್ಲೋಬಿನ್ನಿಗೆ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಿದ್ರೆಯಲ್ಲಿರುವವರಿಗೆ ಎಚ್ಚರವೇ ಆಗದಿರಬಹುದು. ಆದ್ದರಿಂದ ತನ್ನದೇ ಬ್ಯಾಟರಿಯುಳ್ಳ ಕಾರ್ಬನ್ ಮಾನಾಕ್ಸೈಡ್ ಸೂಚಕವನ್ನು ಮಲಗುವ ಜಾಗದ ಬಳಿ ಇಡುವುದು ಕಡ್ಡಾಯ ಎಂದೇ ತಿಳಿಯಿರಿ.

ಹಾಗಾದರೆ ಆಯ್ಕೆ ಯಾವುದು? ಮುಖ್ಯ ಹೀಟರ್ ಡೀಸೆಲಿನದಾದರೆ, ಹೊಗೆಕೊಳವೆಯಿರುವ ಮತ್ತು ವಿದ್ಯುತ್ತು ಬೇಡದ ಪ್ರೋಪೇನ್ ಹೀಟರ್ ಉತ್ತಮ ಮೀಸಲು. ಅನಿಲ ಸಿಗುವುದು ಕಷ್ಟವೆನಿಸುವ ದೂರ ಪ್ರಯಾಣಕ್ಕೆ ಸಣ್ಣ ಸೌದೆಒಲೆ ಸರಿ. ಡೀಸೆಲಿನದೇ ಎರಡನೆಯ ಹೀಟರ್ ಬೇಕೆಂದರೆ ಅದಕ್ಕೆ ಪ್ರತ್ಯೇಕ ಬ್ಯಾಟರಿ ಮತ್ತು ಚಳಿಗಾಲದ ಇಂಧನ ತುಂಬಿದ ಪ್ರತ್ಯೇಕ ತೊಟ್ಟಿ ಇರಲಿ.

ಅಧ್ಯಾಪಕರು ಇದನ್ನು ತರಗತಿಗೂ ಒಯ್ಯಬಹುದು. ನಿಮ್ಮೂರಿನ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಇರುವ ಯಾವುದಾದರೊಂದು ಮೀಸಲು ವ್ಯವಸ್ಥೆಯನ್ನು ವಿದ್ಯಾರ್ಥಿಗಳು ಗುರುತಿಸಲಿ. ಮುಖ್ಯ ವ್ಯವಸ್ಥೆ ಯಾವ ಕಾರಣಕ್ಕೆ ನಿಲ್ಲುತ್ತದೆಯೋ ಅದೇ ಕಾರಣಕ್ಕೆ ಮೀಸಲೂ ನಿಲ್ಲುವುದೆ ಎಂದು ಪಟ್ಟಿ ಮಾಡಲಿ. ‘ಹೌದು’ ಎಂಬ ಉತ್ತರ ಬಂದಲ್ಲೆಲ್ಲ, ಅಲ್ಲಿ ಮೀಸಲು ಇದೆ ಎನ್ನುವುದು ಹೆಸರಿಗೆ ಮಾತ್ರ.